ಜುಮಾಶ್ ಇಳಿಜಾರು

ನಾರಿನ್ ಬೆಟ್ಟಸೀಮೆಯ ಆ ಹಳ್ಳಿಗೆ ಬುರುಲಾಯ್ ಸೊಸೆಯಾಗಿ ಬಂದಾಗ ತಂದದ್ದು ಒಂದು ಪೆಟ್ಟಿಗೆ ಬಟ್ಟೆ, ಒಂದು ಲ್ಯಾಪ್‌ಟಾಪ್, ಮತ್ತೆ ಯಾರಿಗೂ ಸೊಪ್ಪು ಹಾಕದ ಸ್ವಭಾವ. ಮೊದಲಿನ ಎರಡನ್ನು ಗಂಡನ ಮನೆಯವರು ಮೆಚ್ಚಿಕೊಂಡರು. ರಾಜಧಾನಿ ಬಿಷ್ಕೆಕ್‌ನಲ್ಲಿ ನಕ್ಷೆ ಮಾಡುವುದನ್ನು ಕಲಿತವಳು ಅವಳು. ಉಪಗ್ರಹದ ಚಿತ್ರ ನೋಡಿ, ಆಮೇಲೆ ಕುದುರೆ ಹತ್ತಿ ಬೆಟ್ಟವೆಲ್ಲ ಅಲೆದು, ಎಲ್ಲಿ ಹುಲ್ಲಿದೆ, ಎಲ್ಲಿ ಬರೀ ಮಣ್ಣು ಉಳಿದಿದೆ ಎಂದು ಊರಿನ ಹುಲ್ಲುಗಾವಲು ಸಮಿತಿಗೆ ನಕ್ಷೆಯಲ್ಲಿ ಹುಲ್ಲಿಗೆ ಹಸಿರು, ಮಣ್ಣಿಗೆ ಕೆಂಪು ಬಣ್ಣ ತುಂಬಿ ಕೊಡುತ್ತಿದ್ದಳು.

ಒಂದು ಜಾಗದಲ್ಲಿ ಮಾತ್ರ ಅವಳ ಬಾಯಿ ಕಟ್ಟಿತ್ತು. ಸೊಸೆಯಾದವಳು ಮಾವನ ಹೆಸರು ಎತ್ತುವಂತಿಲ್ಲ. ಮಾವನ ಹೆಸರು ಜುಮಾಶ್. ಅವನ ಕುರಿಗಳು ವರ್ಷವಿಡೀ ಅಲ್ಲೇ ಬೀಡುಬಿಟ್ಟಿದ್ದರಿಂದ ಊರ ನೆತ್ತಿಯ ಮೇಲಿನ ಇಳಿಜಾರಿಗೂ ಅದೇ ಹೆಸರು ಅಂಟಿಕೊಂಡಿತ್ತು. ಇನ್ನೂ ಮೇಲೆ ಕೋಕ್‌ಬೆಲ್ ಹುಲ್ಲುಗಾವಲಿನಲ್ಲಿ ಮೊಣಕಾಲುದ್ದ ಹುಲ್ಲಿದ್ದರೂ ಅಷ್ಟು ದೂರ ಹೋಗಲು ಮುದುಕನಿಗೆ ಸೋಮಾರಿತನ. ಊರಿನ ದೊಡ್ಡ ಕುರಿಹಿಂಡಿನವರೆಲ್ಲ ಅವನ ಹಿಂದೆ. ಮೇಯಿಸಿ ಮೇಯಿಸಿ ಇಳಿಜಾರನ್ನು ಬೋಳು ಮಾಡಿಟ್ಟರು.

ಹೋದ ವರ್ಷದ ಸಭೆಯಲ್ಲಿ ಬುರುಲಾಯ್ ನಕ್ಷೆಯ ಕೆಂಪು ಗುರುತಿನ ಮೇಲೆ ಬೆರಳಿಟ್ಟು, "ಈ ಜಾಗದಲ್ಲಿ ಮೇಯಿಸೋದು ನಿಲ್ಲಿಸ್ಬೇಕು" ಎಂದಿದ್ದಳು. "ಹೆಸರಿಲ್ಲದ ಜಾಗಕ್ಕೆ ಠರಾವು ಬರೆಯೋದು ಹೆಂಗಮ್ಮ?" ಎಂದು ಅಧ್ಯಕ್ಷ ತುರ್ದುಬೆಕ್ ನಗಾಡಿದ. ಅಲ್ಲಿಗೆ ಮಾತು ಮುಗಿಯಿತು. ಅದೇ ವಸಂತದಲ್ಲಿ ಮಳೆ ಹೊಡೆದು ಇಳಿಜಾರಿನ ಕೆಸರೆಲ್ಲ ಶಾಲೆಯೊಳಗೆ ನುಗ್ಗಿತು. ಭಾನುವಾರವಾಗಿದ್ದರಿಂದ ಮಕ್ಕಳು ಉಳಿದುಕೊಂಡರು.

ಈ ವರ್ಷ ಮತ್ತೆ ಸಭೆ. ಮತ್ತೆ ಅದೇ ಕೆಂಪು.

"ಬಾಯಿಬಿಟ್ಟು ಹೇಳಮ್ಮ, ಬೆರಳು ತೋರಿಸ್ಬೇಡ," ಎಂದ ತುರ್ದುಬೆಕ್.

ಮುಂದಿನ ಬೆಂಚಿನಲ್ಲಿದ್ದ ಜುಮಾಶ್ ಗಡ್ಡ ನೀವಿಕೊಂಡ. "ಯಾಕಪ್ಪ ಪೀಡಿಸ್ತೀಯ? ನಮ್ಮ ಸೊಸೆ ಒಳ್ಳೆ ಮನೆತನದವ್ಳು."

ಬುರುಲಾಯ್‌ಗೆ ಮೈಯೆಲ್ಲ ಉರಿದುಹೋಯಿತು.

"ಜುಮಾಶ್ ಇಳಿಜಾರು," ಎಂದಳು. "ಮೂರು ವರ್ಷ ಒಂದು ಕುರಿನೂ ಅಲ್ಲಿ ಕಾಲಿಡಬಾರ್ದು. ಬರ್ಕೊಳ್ಳಿ ಅಣ್ಣಾ."

ಜುಮಾಶ್ ಎದ್ದು ನಿಂತ. "ನಿನ್ನ ನಾಲಿಗೆ ಸೇದೋಗ! ನಿನ್ನ ಹೆತ್ತೋರು ಇದನ್ನೇನೇ ಕಲಿಸಿದ್ದು?"

"ಅವ್ರು ಕಲಿಸ್ಲಿಲ್ಲ ಅಪ್ಪಾಜಿ. ಶಾಲೆಗೆ ನುಗ್ಗಿದ ಕೆಸರು ಕಲಿಸ್ತು."

"ಮನೆಗೆ ಬಾ, ನೋಡ್ಕೋತೀನಿ!"

ಆಗ ಹಿಂದಿನ ಸಾಲಿನಿಂದ ಅವಳ ಅತ್ತೆ ಸಾಯ್ರಾಕನ್ ಮಂಡಿ ಹಿಡಿದುಕೊಂಡು ಎದ್ದಳು. ಮದುವೆಯಾದಾಗಿನಿಂದ ಗಂಡನನ್ನು "ನಮ್ಮನೆಯೋರು" ಎಂದಲ್ಲದೆ ಹೆಸರಿಡಿದು ಕರೆದವಳಲ್ಲ.

"ಅವಳು ಹೇಳಿದ್ದು ಕೇಳಿಸ್ಲಿಲ್ವೇನ್ರೀ ಅಧ್ಯಕ್ಷರೇ? ಜುಮಾಶ್ ಇಳಿಜಾರು. ನಮ್ಮ ಕುರಿನೇ ಮೊದ್ಲು ಕೋಕ್‌ಬೆಲ್‌ಗೆ ಹತ್ತುತ್ತೆ, ಅದನ್ನೂ ಬರ್ಕೊಳ್ಳಿ."

ಯಾರೋ ಒಬ್ಬ ಹೆಂಗಸು ತಲೆವಸ್ತ್ರ ಬಾಯಿಗೊತ್ತಿಕೊಂಡು ನಕ್ಕಳು. ನಗುತ್ತಲೇ ಕೈಯೆತ್ತಿದಳು. ನೋಡನೋಡುತ್ತ ಹಿಂದಿನ ಸಾಲುಗಳೆಲ್ಲ ಕೈಯೆತ್ತಿದವು. ಶಾಲೆಗೆ ಮಕ್ಕಳನ್ನು ಕಳಿಸುವ ಗಂಡಸರು ಒಬ್ಬರ ಮುಖ ಒಬ್ಬರು ನೋಡಿಕೊಂಡು ತಾವೂ ಎತ್ತಿದರು. ತುರ್ದುಬೆಕ್ ಬೇರೆ ದಾರಿ ಕಾಣದೆ ಪೆನ್ನು ತೆಗೆದ.

ಸಂಜೆ ಬುರುಲಾಯ್ ಎಂದಿನಂತೆ ಚಹಾ ಬೋಗುಣಿಗೆ ಬಗ್ಗಿಸಿ ಮಾವನ ಮುಂದಿಟ್ಟಳು. ಅವನು ಗೋಡೆಯ ಕಡೆ ಮುಖ ತಿರುಗಿಸಿ ಕೂತ. ಬೋಗುಣಿಯಿಂದ ಹಬೆಯೇಳುವುದು ನಿಲ್ಲುತ್ತ ಬಂತು.

"ಜುಮಾಶ್, ಚಹಾ ಆರ್ತಾ ಇದೆ," ಎಂದಳು ಸಾಯ್ರಾಕನ್.

ಮುದುಕ ಬೋಗುಣಿಯನ್ನು ಕೈಗೆ ತೆಗೆದುಕೊಂಡ.