ಕೆಸರಿಗೆ ಸಿಕ್ಕ ಪೂಜೆ

ಶಹಾಬಾದಿನ ಪ್ರಯೋಗಾಲಯದಲ್ಲಿ ನನ್ನ ಮೇಲಿದ್ದ ಹಿರಿಯ ರಸಾಯನಜ್ಞರು ಚಪ್ಪಲಿ ಹೊರಗೆ ಬಿಟ್ಟೇ ಒಳಗೆ ಬರುತ್ತಿದ್ದರು. ಬಂದವರೇ ಅಳತೆಯ ಯಂತ್ರವನ್ನು ಎಮ್ಮೆಯ ಬೆನ್ನಿನಂತೆ ಸವರುತ್ತಿದ್ದರು. ಫಲಿತಾಂಶದ ಬಗ್ಗೆ ಯಾರು ಅನುಮಾನಪಟ್ಟರೂ ಅವರದು ಒಂದೇ ಮಾತು: "ಮಣ್ಣ ಸುಳ್ಳ ಹೇಳಂಗಿಲ್ರಿ."

ಒಮ್ಮೆ ದಂಡೋತಿಯ ಹತ್ತಿರ ಕಾಗಿಣಾ ಹೊಳೆಯ ತಳದಿಂದ ತೆಗೆದ ಕೆಸರನ್ನು ನಾವೂ ಇನ್ನೆರಡು ಪ್ರಯೋಗಾಲಯಗಳೂ ಹಂಚಿಕೊಂಡು, ಎಣ್ಣೆಯಿಂದಲೂ ಹೊಗೆಯಿಂದಲೂ ಅದಕ್ಕೆ ಸೇರಿದ ವಿಷವನ್ನು ಅಳೆದೆವು. ಆ ಎರಡರ ಅಳತೆ ಒಂದಕ್ಕೊಂದು ಹೊಂದಿತು. ನಮ್ಮದು ಮುಗಿಲಿಗೇರಿತ್ತು. ಮತ್ತೆ ತಪ್ಪಿದರೆ ನಮ್ಮ ಮಾನ್ಯತೆಯೇ ಹೋಗುವಂತಿತ್ತು.

ಕಾರಣ ಹುಡುಕಲು ಆ ಪ್ರಯೋಗಾಲಯಗಳಲ್ಲೊಂದರ ಮೇಡಂ ಬೆಳಿಗ್ಗೆಯೇ ಬಂದರು. ಯಂತ್ರದ ಮುಂದೆ ಒಂದು ಹಿಡಿ ಊದುಬತ್ತಿ ಉರಿಯುತ್ತಿತ್ತು. ಅದರ ಹೊಗೆಯೆಲ್ಲ ಪಕ್ಕದಲ್ಲಿ ಒಣಗಲು ಹರವಿದ್ದ ಕೆಸರಿನ ಮೇಲೆ ಇಳಿಯುತ್ತಿತ್ತು.

"ಇದೇನ್ರಿ ಸರ್?"

"ಪೂಜಾ ಮಾಡಾಕತ್ತೀನ್ರಿ ಮೇಡಂ. ಅಳತಿ ಹೊಂದಲಿ ಅಂತ ಈಗೀಗ ಭಾಳ ಹಚ್ಚಾಕತ್ತೀನಿ."

"ನಾವು ಅಳಿಯೋ ವಿಷ ಈ ಹೊಗಿಯೊಳಗೂ ಅದ ರೀ! ಕೆಸರಿಗಿ ನೀವೇ ಉಣಸಾಕತ್ತೀರಿ."

ನಮ್ಮ ಹಿರಿಯರು ಉರಿಯುವ ಊದುಬತ್ತಿಗಳನ್ನು ಎತ್ತಿಕೊಂಡು ಬರಿಗಾಲಲ್ಲೇ ಗೇಟಿನಾಚೆಗೆ ಓಡಿದರು.

ಹೊಸ ಕೆಸರು ತಂದು ಮತ್ತೆ ಹಂಚಿಕೊಂಡು ಅಳೆದಾಗ ನಮ್ಮ ಅಳತೆಯೂ ಹೊಂದಿತು, ಮಾನ್ಯತೆ ಉಳಿಯಿತು. ಆ ಖುಷಿಗೆ ಅವರು ಎಲ್ಲರಿಗೂ ಪೇಡೆ ಹಂಚಿದರು. ಪೇಡೆಗೆ ಹೊಗೆಯಿಲ್ಲವೆಂಬ ಧೈರ್ಯದ ಮೇಲೆ ಯಂತ್ರದ ಮೇಲೂ ಎರಡು ಇಟ್ಟು, ಕೈಮುಗಿದು ಮನೆಗೆ ಹೋದರು.

ಮರುದಿನ ಯಂತ್ರದ ಸಂದಿಯಿಂದ ಇರುವೆಗಳು ಸಾಲಾಗಿ ಹೊರಬರುತ್ತಿದ್ದವು.