ಜರ್ಮನ್‌ನಲ್ಲಿ ಸಿಕ್ಕಿಬಿದ್ದೆ

“ಗೆಗೆಸ್ಸನ್!” ಎಂದು ನಾನೇ ಕೂಗಿಬಿಟ್ಟೆ. ನರ್ಸ್ ಕೆಲಸಕ್ಕೆಂದು ಜರ್ಮನ್ ಕಲಿಯುತ್ತಿರುವ ಮೊಮ್ಮಗಳು ‘ತಿನ್ನು’ ಎಂಬುದರ ಭೂತಕಾಲಕ್ಕೆ ತಡವರಿಸಿದ್ದಳು. ಕೇಳಿ ಕೇಳಿ ನನಗೆ ಬಾಯಿಪಾಠವಾಗಿತ್ತು.

“ಯಾರು ತಿಂದ್ರೂ ಆ ಶಬ್ದ ಬದಲಾಗಂಗಿಲ್ಲ ತಾತ. ತಿಂದಾವ ನೀನಾದ್ರ ಮುಂದ ‘ಇಷ್ ಹಾಬೆ’ ಹಚ್ಚಬೇಕು.”

“ಇಷ್ ಹಾಬೆ ಗೆಗೆಸ್ಸನ್!” ಎಂದೆ ಜಂಬದಿಂದ.

“ಅವ್ವಾ, ಶೇಂಗಾ ಹೋಳಿಗಿ ತಾತನೇ ತಿಂದಾನಂತ! ಜರ್ಮನ್‌ನ್ಯಾಗ ಒಪ್ಪಿಕೊಂಡಾನ!” ಎಂದು ಮೊಮ್ಮಗಳು ಕೂಗಿದಳು.

ಸಕ್ಕರೆ ಕಾಯಿಲೆಯ ನಾನು ಬೆಳಿಗ್ಗೆಯಷ್ಟೇ ಕದ್ದು ತಿಂದು, “ಬೆಕ್ಕು ತಿಂದೈತಿ” ಎಂದಿದ್ದೆ. ಸೊಸೆ ಅದನ್ನು ಹೊರಗಟ್ಟಿದ್ದಳು.

“ಶೇಂಗಾ ಹೋಳಿಗಿ ತಿನ್ನೋ ಬೆಕ್ಕು ಕೊಟ್ಟೂರಾಗ ಇದೊಂದ ನೋಡ್ರಿ ಮಾವಾರ,” ಎಂದಳು ಸೊಸೆ.

ತಪ್ಪಾಯಿತೆಂದೆ. ಹಾಲಿಟ್ಟು ಬೆಕ್ಕನ್ನು ಒಳಗೆ ಕರೆದೆ. ಜರ್ಮನ್‌ನಲ್ಲಿ ‘ತಿಂದಿಲ್ಲ’ ಎನ್ನುವುದನ್ನು ಮಾತ್ರ ಮೊಮ್ಮಗಳು ನನಗೆ ಇನ್ನೂ ಕಲಿಸಿಲ್ಲ.