ಬಿಚ್ಚಬೇಕಾದ ಕಂತಿ

ನಮ್ಮ ಮನೆತನದ ಕಸುಬು ಲಿಂಗಕ್ಕೆ ಕಂತಿ ಕಟ್ಟುವುದು. ಕೊರಳಲ್ಲಿ ಧರಿಸುವ ಪುಟ್ಟ ಕಲ್ಲಿನ ಲಿಂಗದ ಮೇಲೆ ಬೂದಿ, ಅಂಟು, ಎಣ್ಣೆ ಕೂಡಿಸಿ ಅರೆದ ಕಪ್ಪು ಲೇಪ ಹಚ್ಚಿ ಹೊಳಪು ಬರಿಸುತ್ತಾರಲ್ಲ, ಅದೇ ಕಂತಿ. ಮಹಾರಾಷ್ಟ್ರದ ಗಡಿಯ ಉಮರ್ಗಾ, ನಿಲಂಗಾ ಕಡೆಯ ಒಕ್ಕಲು ಮನೆಯವರು ಇವತ್ತಿಗೂ ಅಪ್ಪನನ್ನೇ ಹುಡುಕಿಕೊಂಡು ಬರುತ್ತಾರೆ. ಒಳಗಿನ ಕಲ್ಲು ಎಳ್ಳಷ್ಟೂ ಕಾಣಬಾರದು, ಕಟ್ಟಿದ ಕಂತಿ ಬಿಚ್ಚಬಾರದು, ಇದು ಅಪ್ಪನ ಹಟ. ಎಲ್ಲಾದರೂ ಬಿರುಕು ಬಿಟ್ಟಿತೆಂದು ಯಾರಾದರೂ ತಿರುಗಿ ತಂದರೆ ಅವತ್ತು ಅಪ್ಪನಿಗೆ ಊಟ ಸೇರುವುದಿಲ್ಲ.

ನಾನು ಉದಗೀರದ ಕಾಲೇಜಿನ ಪ್ರಯೋಗಾಲಯದಲ್ಲಿ ಮಾಡುವುದೂ ಲೇಪದ ಕೆಲಸವೇ. ಸಾಮಾನ್ಯವಾಗಿ ವೈರಸ್ಸಿನ ಮೇಲೆ ಹೊರಿಸಿ ಕಳಿಸುವ ಜೀನನ್ನು ವೈರಸ್ಸಿನ ಸಹಾಯವಿಲ್ಲದೆ ಜೀವಕೋಶದೊಳಗೆ ಸೇರಿಸಬೇಕು. ಜೀನು ತಾನೊಂದೇ ಒಳಗೆ ಹೋಗುವುದಿಲ್ಲ. ಒಂದು ಪಾಲಿಮರ್ ಅದನ್ನು ಸುತ್ತಿ ಸಣ್ಣ ಉಂಡೆ ಮಾಡುತ್ತದೆ. ಆದರೆ ಆ ಉಂಡೆಗೆ ರಕ್ತದ ಪ್ರೋಟೀನುಗಳು ಮೆತ್ತಿಕೊಂಡು ಎಲ್ಲ ಗಂಟುಗಂಟಾಗಿ ಕೆಡುತ್ತದೆ. ಹಾಗಾಗಬಾರದೆಂದು ಮೇಲೆ ಇನ್ನೊಂದು ಪಾಲಿಮರಿನ ಲೇಪ ಕೊಡುತ್ತೇವೆ.

ಈ ವಿಷಯವನ್ನು ನಾನು ಆರಿಸಿಕೊಂಡದ್ದು ಅಕ್ಕನಿಗಾಗಿ. ಅವಳ ಕಣ್ಣು ಸುತ್ತಲಿಂದ ಕತ್ತಲಾಗುತ್ತ ಬರುತ್ತಿದೆ. ನೇರ ಎದುರಿಗಿದ್ದದ್ದು ಕಾಣುತ್ತದೆ, ಪಕ್ಕದ್ದು ಕಾಣುವುದಿಲ್ಲ. ಅಜ್ಜಿಗೂ ಹೀಗೇ ಆಗಿತ್ತು, ಅಪ್ಪನಿಗೂ ಸಂಜೆಯಾದರೆ ಕಾಣಿಸದು. ಜೀನಿನಲ್ಲೇ ತಪ್ಪಿದೆ, ಔಷಧವಿಲ್ಲ ಎಂದರು ಡಾಕ್ಟರು. ನನ್ನೊಬ್ಬಳ ಕಣ್ಣು ಮಾತ್ರ ನೆಟ್ಟಗಿದೆ. ಅದಕ್ಕೆ ನನಗೆ ಸಂತೋಷವಿಲ್ಲ, ಸಿಟ್ಟಿದೆ.

ಆ ಸಿಟ್ಟಿನಲ್ಲೇ ಕೆಲಸ ಮಾಡಿದೆ. ಪರೀಕ್ಷೆಗೆಂದು ಬಳಸುವುದು ಹಸಿರು ಹೊಳಪು ಕೊಡುವ ಜೀನು; ಅದು ಒಳಹೊಕ್ಕು ಕೆಲಸ ಶುರುಮಾಡಿದರೆ ಕೋಶ ಹಸಿರಾಗಿ ಹೊಳೆಯಬೇಕು. ನನ್ನ ಲೇಪ ಎಷ್ಟು ಚೆನ್ನಾಗಿ ಕೂತಿತ್ತೆಂದರೆ ಒಂದು ಉಂಡೆಯೂ ಗಂಟು ಕಟ್ಟಲಿಲ್ಲ. ಆದರೆ ಕೋಶಗಳು ಹೊಳೆಯಲೂ ಇಲ್ಲ. ಲೇಪ ತೆಳುವಾಯಿತೇನೋ ಎಂದು ಇನ್ನಷ್ಟು ದಪ್ಪ ಮಾಡಿದೆ. ಸೂಕ್ಷ್ಮದರ್ಶಕದಲ್ಲಿ ಮತ್ತೆ ಬರೀ ಕತ್ತಲು. ಮತ್ತಷ್ಟು ದಪ್ಪ ಮಾಡಿದೆ, ಮತ್ತೆ ಕತ್ತಲು. ನನ್ನ ಮಾರ್ಗದರ್ಶಕಿ ಮರಾಠಿಯಲ್ಲಿ ಮೆತ್ತಗೆ ಹೇಳಿದರು: ಈ ಸಲವೂ ಬರದಿದ್ದರೆ ವಿಷಯ ಬದಲಿಸಿಕೋ, ನಿನ್ನ ವರ್ಷಗಳು ಹಾಳಾಗುವುದು ಬೇಡ. ಅವರು ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಆ ಮೆತ್ತಗಿನ ಮಾತಿಗೆ ಮೈಯೆಲ್ಲ ಉರಿಯಿತು.

ಊರಿಗೆ ಹೋದೆ. ಅಪ್ಪ ಅಂಗಳದ ಬಿಸಿಲಲ್ಲಿ ಕೂತು ಯಾರದೋ ಲಿಂಗದ ಮೇಲೆ ಲೇಪ ಒತ್ತುತ್ತಿದ್ದರು. ನಾನು ಸುಮ್ಮನೆ ನೋಡುತ್ತ ಕೂತೆ. ನೋಡನೋಡುತ್ತ ತಲೆ ಚಚ್ಚಿಕೊಳ್ಳಬೇಕೆನಿಸಿತು. ಹುಟ್ಟಿದಾಗಿನಿಂದ ಕಣ್ಣೆದುರು ಇದನ್ನೇ ಕಂಡವಳು ನಾನು. ಲೇಪವೆಂದರೆ ಬಿಚ್ಚಬಾರದ್ದು ಎಂದು ತಲೆಯಲ್ಲಿ ಕೂತುಬಿಟ್ಟಿದೆ. ಲಿಂಗ ಒಳಗೇ ಇರಬೇಕು, ಸರಿ. ಜೀನು ಹೊರಗೆ ಬರಬೇಕಲ್ಲ! ಕೋಶದೊಳಗೆ ಹೋದ ಮೇಲೂ ನನ್ನ ಲೇಪ ಅದನ್ನು ಬಿಗಿದು ಹಿಡಿದಿತ್ತು. ಕಂತಿ ಕಟ್ಟುವವರ ಮನೆಯ ಮಗಳಲ್ಲದೆ ಇಂಥ ತಪ್ಪು ಇನ್ಯಾರು ಮಾಡಿಯಾರು?

ಮರುದಿನವೇ ಉದಗೀರದ ಬಸ್ಸು ಹತ್ತಿದೆ. ಉಂಡೆಯನ್ನು ನುಂಗಿದ ಕೋಶ ಅದನ್ನು ಮೊದಲು ಆಮ್ಲ ತುಂಬಿದ ಒಂದು ಹುಳಿ ಚೀಲದಲ್ಲಿ ಇಟ್ಟುಕೊಳ್ಳುತ್ತದೆ. ರಕ್ತದಲ್ಲಿ ಗಟ್ಟಿಯಾಗಿದ್ದು, ಆ ಹುಳಿ ತಾಗಿದೊಡನೆ ಕಳಚಿಕೊಳ್ಳುವ ಕೊಂಡಿಯಿಂದ ಲೇಪವನ್ನು ಜೋಡಿಸಬೇಕು. ಹೇಳುವುದು ಸುಲಭ. ಕೊಂಡಿ ಒಮ್ಮೆ ಮೊದಲೇ ಮುರಿಯಿತು, ಒಮ್ಮೆ ಮುರಿಯಲೇ ಇಲ್ಲ, ಒಮ್ಮೆ ಕೋಶಗಳೇ ಸತ್ತುಹೋದವು. ಹಬ್ಬಕ್ಕೆ ಕರೆದರು, ಹೋಗಲಿಲ್ಲ. ವಿಷಯ ಬದಲಿಸುವುದಿಲ್ಲ ಎಂದು ಮಾರ್ಗದರ್ಶಕಿಗೆ ಮುಖಕ್ಕೆ ಮುಖ ಕೊಟ್ಟು ಹೇಳಿದೆ. ಅವರು ನಕ್ಕು ಇನ್ನೊಂದು ಅವಕಾಶ ಕೊಟ್ಟರು. ಆ ಸಲ ಹಸಿರು ಬಂತು. ತಟ್ಟೆಯ ತುಂಬ ಬಂತು. ನಾನು ಅಲ್ಲೇ ಕುರ್ಚಿಯಲ್ಲಿ ಕೂತು ಅತ್ತೆ.

ಅಕ್ಕನನ್ನು ಅವಳ ಗಂಡನ ಮನೆ ನಿಲಂಗಾದಿಂದ ಕರೆಸಿದೆ. ಬಸ್ ನಿಲ್ದಾಣದಿಂದ ಕೈ ಹಿಡಿದು ಕರೆತಂದು, ಕಂಪ್ಯೂಟರ್ ಪರದೆಯ ಎದುರಿಗೆ ಕೂರಿಸಿ, ಅವಳ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ಚಿತ್ರದ ಕಡೆಗೆ ತಿರುಗಿಸಿದೆ. ಅವಳಿಗೆ ಕಂಡಿತು. ಎಷ್ಟೋ ಹೊತ್ತು ನೋಡಿದಳು. ಕಡ್ಲಿ ಹೊಲದಾಗ ಎಳೀ ಮೊಳಕಿ ಎದ್ದಂಗ ಅದ ಎಂದಳು. ಆಮೇಲೆ ನಾನು ಹೆದರಿದ್ದ ಪ್ರಶ್ನೆಯನ್ನೇ ಕೇಳಿದಳು.

"ಇದು ನನ್ನ ಕಣ್ಣಿಗಿ ಯಾವಾಗ ಬರ್ತದ?"

ಸುಳ್ಳು ಹೇಳಬಹುದಿತ್ತು. ಬಾಯಿ ಬರಲಿಲ್ಲ.

"ಇದು ಬರೇ ತಟ್ಟಿಯೊಳಗಿನ ಮಾತು, ಅಕ್ಕಾ. ಔಷಧ ಆಗ್ಲಿಕ್ಕಿ ಭಾಳ ವರ್ಷ ಬೇಕು. ನಿನ್ನ ಕಣ್ಣು ಇರೂತನಕ ಆಗ್ಲಿಕ್ಕಿಲ್ಲ."

ಅವಳು ಅಳಲಿಲ್ಲ. ಪರದೆಯಿಂದ ಮುಖವನ್ನೂ ತಿರುಗಿಸಲಿಲ್ಲ. ಅವಳಿಗಿರುವುದು ಒಬ್ಬಳೇ ಮಗಳು, ಶಾಲೆಗೆ ಹೋಗುವ ವಯಸ್ಸು.

"ನನ್ನದು ಬಿಡು," ಎಂದಳು. "ಮಗಳು ಈಗೀಗ ಸಂಜೀಕ ಹೊಸ್ತಿಲ ಎಡವ್ಲಿಕತ್ತಾಳ. ಮನ್ಯಾಗ ಯಾರಿಗೂ ಹೇಳಿಲ್ಲ. ಆಕಿಗಿ ಆಗ್ತದೇನು ಹೇಳು."

ಅವಳನ್ನು ಸಂಜೆಯಾಗುವ ಮೊದಲೇ ನಿಲಂಗಾದ ಬಸ್ಸಿಗೆ ಹತ್ತಿಸಿ, ತಿರುಗಿ ಪ್ರಯೋಗಾಲಯಕ್ಕೆ ಬಂದು ಹೊಸ ತಟ್ಟೆಗೆ ಕೋಶಗಳನ್ನು ಹಾಕಿದೆ.